ಉದ್ದದ ಹಾಸು

"ಹೊಸ ಹಾಸು ಬ್ಯಾಡ. ವಾಪಸ್ ಕೊಟ್ಬಿಡು," ಎಂದಳು ಮಂಜುಳಮ್ಮ, ಮಗ್ಗದ ಗುಂಡಿಯಿಂದ ಕಾಲೆತ್ತಿಕೊಳ್ಳುತ್ತ. ಗಂಡ ಚಿನ್ನಯ್ಯ ರೇಷ್ಮೆ ನೂಲಿನ ಸುತ್ತನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲೇ ನಿಂತ. ಮಗ್ಗಕ್ಕೆ ಹೂಡಿದ ಹಾಸನ್ನು, ಅಂದರೆ ಸೀರೆಗಳ ಉದ್ದೆಳೆಗಳನ್ನು, ಅರ್ಧ ನೇಯ್ದು ಬಿಟ್ಟುಹೋಗಬಾರದೆಂಬುದು ಮೊಳಕಾಲ್ಮೂರಿನ ಆ ಓಣಿಯ ನಂಬಿಕೆ. ಮುಗಿಸುವಷ್ಟು ಆಯುಸ್ಸು ತನಗಿಲ್ಲವೆಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಗೇಣುದ್ದ ನೇಯುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಹತ್ತು ವರ್ಷದ ಹಿಂದೆ ಬೆಂಗಳೂರಿನಲ್ಲಿ ವಾಸಿಮಾಡಿಸಿಕೊಂಡು ಬಂದ ಎದೆಯ ಕ್ಯಾನ್ಸರ್ ಮರಳಿ ಬಂದಿದೆ, ಇನ್ನೇನು? ಹೆಸರೆತ್ತಿದರೆ ಹತ್ತಿರ ಬರುತ್ತದೆಂದು ಮನೆಯಲ್ಲಿ ಯಾರೂ ಅದರ ಹೆಸರೆತ್ತುತ್ತಿರಲಿಲ್ಲ.

ಕಂಡಿಕೆಗೆ ನೂಲು ಸುತ್ತುತ್ತಿದ್ದ ಪಕ್ಕದ ಮನೆಯ ಕೆಂಚಕ್ಕ ರಾಟೆ ನಿಲ್ಲಿಸಿ, ಮಂಜುಳಮ್ಮನ ಊದಿದ ಪಾದವನ್ನು ಒತ್ತಿ ನೋಡಿದಳು. ಬೆರಳಿನ ಗುಳಿ ಹಾಗೇ ಉಳಿಯಿತು.

"ನಾಳೆ ಚಳ್ಳಕೆರೆಗೆ ಹೋಗಾನ. ಸಾಯೋದಾದ್ರೆ ಡಾಕ್ಟ್ರನ್ನ ಕೇಳ್ಕಂಡು ಸಾಯಿ."

ಚಳ್ಳಕೆರೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. "ಹಿಂದೆ ದೊಡ್ಡ ಕಾಯಿಲೆ ಏನಾದ್ರೂ ಆಗಿತ್ತಾಮ್ಮ?"

"ಏನೂ ಇಲ್ರಿ." ಮಂಜುಳಮ್ಮ ಸೆರಗು ಬಿಗಿದುಕೊಂಡಳು.

"ಸುಳ್ಳು ಕಣವ್ವ," ಎಂದಳು ಕೆಂಚಕ್ಕ. "ಎದೆ ಕ್ಯಾನ್ಸರ್ ಆಗಿತ್ತು. ಕೆಂಪು ಔಷಧಿ ಏರ್ಸಿದ್ರು, ಎಡಗಡೆ ಕರೆಂಟ್ ಕೊಟ್ರು."

ಡಾಕ್ಟರು ಬೈಯಲಿಲ್ಲ. ಚಿತ್ರದುರ್ಗಕ್ಕೆ ಕಳಿಸಿ ಹೃದಯದ್ದೂ ಎದೆಯದ್ದೂ ಪರೀಕ್ಷೆ ಮಾಡಿಸಿದರು. ಅದರ ಫಲಿತಾಂಶ ಬಂದ ದಿನ ಕುರ್ಚಿಯನ್ನು ಮಂಜುಳಮ್ಮನ ಹತ್ತಿರಕ್ಕೆ ಎಳೆದುಕೊಂಡು ಕೂತರು.

"ಕ್ಯಾನ್ಸರ್ ಬಂದಿಲ್ಲಮ್ಮ. ಆವತ್ತು ಅದನ್ನ ಕೊಂದ ಔಷಧಿ, ನೀವು ಕರೆಂಟು ಅನ್ನೋ ರೇಡಿಯೇಷನ್ನು ಎರಡೂ ನಿಮ್ಮ ಹೃದಯಕ್ಕೂ ಒಂದೇಟು ಹಾಕಿವೆ. ಕೆಲವರಿಗೆ ಎಷ್ಟೋ ವರ್ಷ ಆದ್ಮೇಲೆ ಗೊತ್ತಾಗುತ್ತೆ. ಇದಕ್ಕೆ ಮಾತ್ರೆ ಇದೆ, ಬಿಡಬಾರದು. ಉಪ್ಪು ಕಡಿಮೆ ಮಾಡಿ."

"ಮಗ್ಗ?"

"ಊತ ಇಳೀಲಿ. ಆಮೇಲೆ ನಿಧಾನಕ್ಕೆ ಕೂತ್ಕೊಳ್ಳಿ."

ಬಸ್‌ಸ್ಟ್ಯಾಂಡ್ ಮುಟ್ಟಿದಾಗ ಮಂಜುಳಮ್ಮ ಇದ್ದಕ್ಕಿದ್ದಂತೆ ನಕ್ಕಳು. "ಉಪ್ಪಿಲ್ದ ಸಾರು ಉಂಡ್ಕಂಡು ಬದುಕ್ಬೇಕಾ ಅಕ್ಕ?"

"ನಾನೂ ಉಣ್ತೀನಿ ಬಿಡು."

ಕೆಂಚಕ್ಕ ಉಂಡಳು ಕೂಡ, ಚಳಿಗಾಲ ಕಳೆಯುವವರೆಗೂ, ಮುಖ ಕಿವುಚಿಕೊಂಡೇ.

ಯುಗಾದಿ ಕಳೆದ ವಾರ ಮಂಜುಳಮ್ಮ ದಣಿವಾರಿಸಿಕೊಳ್ಳಲು ಎಲ್ಲೂ ಕೂರದೆ ನಡೆದು, ನೂಲು ಕೊಡುವ ಮುರುಗೇಂದ್ರಪ್ಪನವರ ಜಗಲಿ ಹತ್ತಿದಳು.

"ಸಣ್ಣ ಹಾಸು ಕೊಡ್ಲೇನಮ್ಮ? ಒಂದೇ ಸೀರೇದು?"

"ಇರೋದ್ರಾಗೆ ಉದ್ದಂದು ಕೊಡ್ರಿ," ಎಂದಳು.

ಮರುದಿನ ಬೆಳಿಗ್ಗೆ ಚಿನ್ನಯ್ಯ ಓಣಿಯ ಆ ತುದಿಯಲ್ಲಿ, ಕೆಂಚಕ್ಕ ಈ ತುದಿಯಲ್ಲಿ ಮಗ್ಗಕ್ಕೇರಿಸುವ ಮೊದಲು ಹಸಿರು ರೇಷ್ಮೆಯ ಹಾಸನ್ನು ಜಗ್ಗಿ ಹಿಡಿದಿದ್ದರು. ಮಂಜುಳಮ್ಮ ನಡುವೆ ನಿಂತು ತೊಡಕಿದ ಎಳೆ ಬಿಡಿಸುತ್ತಿದ್ದಳು. ಹಾಲಿನವನು ಬಂದವನು ಸೈಕಲ್ಲನ್ನು ಗೋಡೆಗೆ ಆನಿಸಿ, ಕ್ಯಾನನ್ನು ಕೈಗೆ ತೆಗೆದುಕೊಂಡು, ತಲೆ ತಗ್ಗಿಸಿ ಬಿಸಿಲಲ್ಲಿ ಹೊಳೆಯುವ ಎಳೆಗಳ ಕೆಳಗೆ ದಾಟಿಹೋದ.