ಗಾಳಿದಿಬ್ಬದ ಗೂಟಗಳು

"ಬಾರಿಸು, ಬಾರಿಸು. ನೆಲಕ್ಕೇನು ನೋವಾಗಲ್ಲ," ಅಂದ ಅಪ್ಪ ಮರ್ಲ್, ಕುದುರೆ ಮೇಲಿಂದ ಇಳಿಯದೆಯೇ.

ಗ್ಯಾರೆಟ್ ಬೇಕಂತಲೇ ಸುತ್ತಿಗೆಯಿಂದ ಗೂಟದ ತಲೆಗೆ ಇನ್ನೂ ಜೋರಾಗಿ ಬಾರಿಸಿದ. ವಯೋಮಿಂಗಿನ ಮಾರ್ಚ್ ತಿಂಗಳ ನೆಲ. ಮೇಲೆ ಕೆಸರು, ಬೆರಳುದ್ದ ಕೆಳಗೆ ಹೆಪ್ಪುಗಟ್ಟಿದ ಕಲ್ಲು. ಗೂಟ ಒಳಗೆ ಹೋಗಲೊಲ್ಲದು.

ಚಳಿಗಾಲವೆಲ್ಲ ಇದೇ ಜಗಳ. ಭೂಮಿ ಕಾಪಾಡುವ ಟ್ರಸ್ಟಿನವರ ಕರಾರಿಗೆ ಅಪ್ಪ ಒಪ್ಪಿಬಿಟ್ಟಿದ್ದ. ನೆಲ ಅಪ್ಪ-ಮಗನದೇ. ದನ ಮೇಯಿಸಬಹುದು, ಹುಲ್ಲು ಕೊಯ್ಯಬಹುದು, ಬೇಕಾದರೆ ಇಡಿಯಾಗಿ ಮಾರಲೂಬಹುದು. ತುಂಡು ಮಾಡುವಂತಿಲ್ಲ, ಮನೆ ಎಬ್ಬಿಸುವಂತಿಲ್ಲ. ಅಪ್ಪ ಸತ್ತ ಮೇಲೂ, ಗ್ಯಾರೆಟ್ ಸತ್ತ ಮೇಲೂ, ಕೊಂಡವನು ಸತ್ತ ಮೇಲೂ.

"ಇನ್ನೂ ಹುಟ್ಟದೇ ಇರೋರ ಕೈ ಕಟ್ಟೋಕೆ ನೀನ್ಯಾರು?" ಅಂತ ಗ್ಯಾರೆಟ್ ಊಟದ ಮೇಜು ಗುದ್ದಿದ್ದ.

"ಹೊಳೆಯಾಚೆ ನೋಡೋ. ಆರ್ವಿನ್ ಮಣ್ಣಿಗೆ ಹೋಗಿದ್ದೇ ತಡ, ಅವನ ಮಕ್ಳು ಅಷ್ಟು ದೊಡ್ಡ ದನದ ರಾಂಚನ್ನ ಕೇಕ್ ಕೊಯ್ದ ಹಾಗೆ ಕೊಯ್ದು ಮಾರಿದ್ರು. ಈಗಲ್ಲಿ ದನಕ್ಕಿಂತ ಗೇಟೇ ಜಾಸ್ತಿ."

"ಅವ್ರಿಗಾದ್ರೂ ಪಕ್ಕದ ಮನೆ ಅಂತ ಒಂದಿದೆ."

ಒಂದೇ ಒಂದು ಸಡಿಲಿಕೆ ಇತ್ತು. ಸಹಿಗೆ ಮುಂಚೆ ಜಾಗ ಗುರುತಿಸಿದರೆ ಇನ್ನೊಂದು ಮನೆಗೆ ಬಿಡುತ್ತಾರೆ. ಆಮೇಲೆ ಅದನ್ನು ಒಂದಡಿಯೂ ಸರಿಸುವಂತಿಲ್ಲ. ಡೀನಾ ಬರುವುದಾದರೆ ಆ ಮನೆಗೇ. ಪೇಟೆಯ ಪಶು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಡೀನಾ, ಮದುವೆಯ ಮಾತೆತ್ತಿದಾಗಲೇ ಹೇಳಿದ್ದಳು: "ನಿಮ್ಮಪ್ಪನ ಅಡುಗೆಮನೇಲಿ ಕಾಫಿ ಕಾಯ್ಸೋಕೂ ಅವರ ಮುಖ ನೋಡ್ಕೊಂಡು ನಾನಿರಲ್ಲ ಕಣೋ."

ಅದಕ್ಕೇ ಗ್ಯಾರೆಟ್ ದಿಬ್ಬದ ಬುಡದ ಈ ವಿಲೋ ಪೊದೆಗಳ ತಿರುವು ಆರಿಸಿದ್ದ. ಇಲ್ಲಿ ಗಾಳಿ ನುಗ್ಗದು, ಒರತೆ ಹೆಪ್ಪುಗಟ್ಟದು.

"ಕರು ಹಾಕೋ ಜಾಗ ಇದು," ಅಂದ ಮರ್ಲ್.

"ಹಸುಗೆ ಮೊದ್ಲು, ಮಗನಿಗೆ ಆಮೇಲೆ. ಅಲ್ವಾ?"

ಮರ್ಲ್ ಕುದುರೆ ತಿರುಗಿಸಿ, ಮಲಗಿದ್ದ ತುಂಬು ಬಸುರಿ ಹಸುಗಳನ್ನು ಮೆಲ್ಲಗೆ ಎಬ್ಬಿಸಿ, ಬಯಲ ಗಾಳಿಗೆ ಹೊಡೆದುಕೊಂಡು ಹೋದ. ಬೈದಿದ್ದರೆ ವಾಸಿಯಿತ್ತು.

ಮಧ್ಯಾಹ್ನ ಡೀನಾ ಬಂದಳು. ಗೂಟಗಳ ನಡುವೆ ನಿಂತು ಸುತ್ತ ನೋಡಿದಳು. ಪೊದೆ, ಪೊದೆಯ ಹಿಂದೆ ದಿಬ್ಬ, ದಿಬ್ಬದ ಮೇಲೆ ಆಕಾಶ.

"ನೀರಿದೆ. ಗಾಳಿಯಿಲ್ಲ," ಅಂದ ಗ್ಯಾರೆಟ್.

"ಹೌದು. ಹಸುಗೆ ಹೇಳಿ ಮಾಡಿಸಿದ ಜಾಗ."

"ತಮಾಷೆ ಬೇಡ."

"ತಮಾಷೆ ಅಲ್ಲ, ಗ್ಯಾರೆಟ್. ನೀನು ನನಗೆ ಮನೆ ಹುಡುಕಿಲ್ಲ, ಕೊಟ್ಟಿಗೆ ಹುಡುಕಿದೀಯ. ಇಲ್ಲಿಂದ ಯಾರ ಮನೇನೂ ಕಾಣಲ್ಲ. ಇನ್ಮೇಲೆ ಯಾರ ಮನೇನೂ ಬರಲ್ಲ. ನೀನು ದನದ ಹಿಂದೆ ಹೋದ ಮೇಲೆ ನಾನು ಯಾರ ಮುಖ ನೋಡ್ಲಿ?"

ಅವಳು ಹೊರಟೇಬಿಟ್ಟಳು. ಅವಳ ಪಿಕಪ್ ದಿಬ್ಬ ದಾಟಿತು, ಸದ್ದು ಕರಗಿತು. ಚಿಕ್ಕಂದಿನಿಂದ ಕೇಳಿದ್ದ ಮೌನವೇ ಅದು. ಆದರೆ ಅದು ಖಾಲಿಯೆಂದು ಅವನಿಗೆ ಗೊತ್ತಾದದ್ದು ಈಗ. ಸುತ್ತಿಗೆ ಎಸೆದು ಕೂಗಿಕೊಂಡ. ಕೂಗು ಪೊದೆಯಾಚೆ ಹೋಗಲೇ ಇಲ್ಲ.

ಸಂಜೆ ಟ್ರಸ್ಟಿನ ಬ್ರೆಂಡಾ ಅಳತೆಯ ಯಂತ್ರ ಹಿಡಿದು ಬರುವಷ್ಟರಲ್ಲಿ ಒಂದು ಹಸು ಬಯಲಿಂದ ಹಿಂದಿರುಗಿ, ಗೂಟಗಳ ನಡುವೆಯೇ ಕರು ಹಾಕಿ ನೆಕ್ಕುತ್ತಿತ್ತು.

"ಇದೇ ಜಾಗ ತಾನೆ?" ಅಂದಳು ಬ್ರೆಂಡಾ. "ಬರ್ಕೊಂಡ್ರೆ ಮುಗೀತು ನೋಡಪ್ಪ."

ಗ್ಯಾರೆಟ್ ಹಸು ಬೆದರದ ಹಾಗೆ ಬಗ್ಗಿ ಗೂಟಗಳನ್ನು ಕಿತ್ತ. ಎಸೆದಿದ್ದ ಸುತ್ತಿಗೆ ಹೆಕ್ಕಿ, ಗೂಟಗಳನ್ನು ಹೆಗಲ ಮೇಲೆ ಹೊತ್ತು ದಿಬ್ಬ ಹತ್ತತೊಡಗಿದ. ಬ್ರೆಂಡಾ ಅವನ ಹಿಂದೆ, ಅವಳ ಹಿಂದೆ, ಹಸು ಹುಡುಕಿಕೊಂಡು ಬಂದಿದ್ದ ಮರ್ಲ್, ಕುದುರೆ ಮೇಲೆ.

ನೆತ್ತಿಯಲ್ಲಿ ಗಾಳಿ ಕೆನ್ನೆಗೆ ಹೊಡೆಯಿತು. ಹುಲ್ಲು ಸಹ ನೆಲಕಚ್ಚಿ ಬೆಳೆದಿತ್ತು.

"ತಲೆ ಕೆಟ್ಟಿದ್ಯೇನೋ? ಇಲ್ಲಿ ಹಸು ಕೂಡ ನಿಲ್ಲಲ್ಲ," ಅಂದ ಮರ್ಲ್.

"ಹಸುಗಲ್ಲಪ್ಪ."

ಹೊಳೆಯಾಚೆ, ಆರ್ವಿನನ ನೆಲದಲ್ಲಿ, ಕಿಟಕಿಗಳಲ್ಲಿ ದೀಪ ಹತ್ತತೊಡಗಿದ್ದವು. ಯಾರೋ ಬಾಗಿಲು ತೆಗೆದರು. ಬೆಳಕಿನ ಒಂದು ಪಟ್ಟಿ ಹೊರಗೆ ಚೆಲ್ಲಿ ಮತ್ತೆ ಮುಚ್ಚಿಕೊಂಡಿತು.

"ಆ ದರಿದ್ರ ದೀಪಗಳು," ಅಂದ ಮರ್ಲ್.

"ಅವೇ."

ಗ್ಯಾರೆಟ್ ಮೊದಲ ಗೂಟ ನೆಲಕ್ಕೆ ಊರಿದ. ಮರ್ಲ್ ದೀಪಗಳತ್ತ ನೋಡಿದ. ಆಮೇಲೆ ಕುದುರೆ ಇಳಿದು, ಮೊಣಕಾಲೂರಿ, ಗಾಳಿಗೆ ಅದುರುತ್ತಿದ್ದ ಗೂಟವನ್ನು ಎರಡೂ ಕೈಯಲ್ಲಿ ಹಿಡಿದ.

"ಅವಳು ಬರ್ತಾಳೇನೋ?"

"ಗೊತ್ತಿಲ್ಲ," ಅಂದ ಗ್ಯಾರೆಟ್, ಸುತ್ತಿಗೆ ಎತ್ತಿ. "ನೆಟ್ಟಗೆ ಹಿಡ್ಕೋ."