ನಾಲ್ಕನೇ ಕುರ್ಚಿ

ನಮ್ಮ ಕಾರ್ಖಾನೆಯ ಸೈಕಲ್ ಬೆಲ್ಲುಗಳನ್ನು ಕೊಳ್ಳುವವರು ಕಡಿಮೆಯಾದಾಗ, ನಮ್ಮ ಮೇಜಿಗೆ ಇಬ್ಬರೇ ಸಾಕು ಎಂದರು ಮೇಸ್ತ್ರಿ. ಕುದುರೆ ಲಾಳದ ಆಕಾರದ ಮೇಜು, ಸುತ್ತ ನಾಲ್ಕು ಕುರ್ಚಿ: ಸ್ಪ್ರಿಂಗ್ ಕೂರಿಸುವುದು, ಹಲ್ಲುಚಕ್ರ ಜೋಡಿಸುವುದು, ಮುಚ್ಚಳ ಬಿಗಿಯುವುದು, ಕೊನೆಗೆ ಬಾರಿಸಿ ನೋಡುವುದು. ಇಬ್ಬರು ಹುಡುಗಿಯರು ಆಗಲೇ ದೀಪದ ವಿಭಾಗಕ್ಕೆ ಹೋಗಿದ್ದರು. ಉಳಿದವಳು ನಾನು, ಮತ್ತೆ ನನ್ನ ಅತ್ತೆ.

"ನಾಲ್ಕೂ ಕೆಲಸ ಬಂದ್ರೆ ಇಲ್ಲಿ. ಇಲ್ದಿದ್ರೆ ಗೋದಾಮಲ್ಲಿ ಪೆಟ್ಟಿಗೆ ಹೊರೋದು," ಎಂದರು ಮೇಸ್ತ್ರಿ. ನನಗೆ ನಾಲ್ಕೂ ಬರುತ್ತಿತ್ತು, ಅತ್ತೆಗೆ ಮೂರು; ಬಾರಿಸಿ ನೋಡುವುದೊಂದು ಬಾರದು. ಅವರ ಮಂಡಿನೋವಿಗೆ ಗೋದಾಮೆಂದರೆ ಕೆಲಸ ಬಿಟ್ಟಂತೆಯೇ. ಆದರೂ ಕಲಿಸುತ್ತೇನೆಂದರೆ, "ಆ ಕುರ್ಚಿ ನಂಗೆ ಬೇಡ" ಎಂದು ಮುಖ ತಿರುಗಿಸಿದರು. ಸೊಸೆಯಿಂದ ಕಲಿಯಬೇಕಲ್ಲ ಎಂಬ ಬಿಗುಮಾನ! ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹೆಂಗಸು.

ಊಟದ ಬಿಡುವಿನಲ್ಲಿ ಕೋಪ ತಡೆಯಲಾರದೆ ಅವರ ಬೆನ್ನ ಹಿಂದೆಯೇ ಒಂದು ಬೆಲ್ಲು ಬಾರಿಸಿದೆ. ದೂರದಲ್ಲಿದ್ದ ಕಾವಲುಗಾರ ತಿರುಗಿ ನೋಡಿದ. ಅತ್ತೆ ಬುತ್ತಿ ಬಿಚ್ಚುತ್ತಲೇ ಇದ್ದರು. ನಾನು ಅವರ ಎದುರಿಗೆ ಬಂದು ಕೂತೆ.

"ಅತ್ತೆ, ಬೆಲ್ಲು ಕೇಳಿಸಲ್ವಾ?"

ಅವರು ತಲೆ ಎತ್ತಲಿಲ್ಲ. "ಮಾತು ಕೇಳುತ್ತೆ ಕಣೇ. ಈ ಕೀಚಲು ಸದ್ದೊಂದು ಹೋಗ್ಬಿಟ್ಟಿದೆ. ಹೇಳಿದ್ರೆ ಇಲ್ಲಿ ಯಾರು ಇಟ್ಕೋತಾರೆ?"

"ಹಾಗಾದ್ರೆ ಮನೇಲಿ ನಾನು ಗೊಣಗೋದು?"

"ಅದೆಲ್ಲ ಚೆನ್ನಾಗೇ ಕೇಳುತ್ತೆ."

ನಗು ಬಂತು, ಅಳುವೂ ಬಂತು. ಬೆಲ್ಲಿನ ಬುಡವನ್ನು ಅವರ ಬೆರಳುಗಳ ನಡುವೆ ಇಟ್ಟು ಬಾರಿಸಿದೆ. ಒಳ್ಳೆಯ ಬೆಲ್ಲು ಬಹಳ ಹೊತ್ತು ನಡುಗುತ್ತದೆ, ಕೆಟ್ಟದ್ದು ಥಟ್ಟನೆ ಸತ್ತುಹೋಗುತ್ತದೆ. ಅಂದಿನಿಂದ ದಿನವೂ ಬಿಡುವಿನಲ್ಲಿ ಅದೇ ಪಾಠ. ತಪ್ಪಿದಾಗ ನಾನು ರೇಗಿದೆ, ಅವರು ನನಗಿಂತ ಜೋರಾಗಿ ರೇಗಿದರು.

ಮೇಸ್ತ್ರಿ ನಮ್ಮ ಕೆಲಸ ಪರೀಕ್ಷಿಸಲು ಬಂದ ದಿನ ಅತ್ತೆ ಕಣ್ಣು ಮುಚ್ಚಿ ಒಂದೊಂದನ್ನೇ ಬಾರಿಸಿ, ಕೆಟ್ಟವನ್ನು ಎಡಕ್ಕಿಟ್ಟರು. ಮೇಸ್ತ್ರಿ ಹುಬ್ಬು ಗಂಟಿಕ್ಕಿದರು. "ಇದ್ಯಾವ ಪದ್ಧತಿ ಅಮ್ಮಾ?"

ನಾನು ಏನಾದರೂ ಸುಳ್ಳು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆಯೇ, "ನಂಗೆ ಇದರ ಸದ್ದು ಕೇಳಿಸಲ್ಲ. ಬೆರಳಿಗೆ ಗೊತ್ತಾಗುತ್ತೆ," ಎಂದುಬಿಟ್ಟರು.

ಮೇಸ್ತ್ರಿ ಎಡಗಡೆಯ ಬೆಲ್ಲುಗಳನ್ನು ತಾವೇ ಬಾರಿಸಿದರು. ಒಂದೂ ಸರಿಯಾಗಿ ದನಿ ಕೊಡಲಿಲ್ಲ. ಬಲಗಡೆಯವೆಲ್ಲ ಟ್ರಿಣ್ ಎಂದವು. "ಕೆಲಸ ಆದ್ರೆ ಸರಿ, ಕಿವಿಯೋ ಬೆರಳೋ ನಂಗೇನು. ಇಬ್ರೂ ಇಲ್ಲೇ ಇರಿ," ಎಂದರು. ಹೊರಟವರು ತಿರುಗಿ, "ಇದನ್ನ ಯಾರು ಹೇಳಿಕೊಟ್ರು?" ಎಂದು ಕೇಳಿದರು.

ಮನೆಯಲ್ಲಿ ನನ್ನ ಯಾವ ಕೆಲಸವನ್ನೂ ಒಮ್ಮೆಯೂ ಒಪ್ಪದ ಅತ್ತೆ, ಸುತ್ತಲಿನ ಮೇಜುಗಳಿಗೆಲ್ಲ ಕೇಳುವಂತೆ ದೊಡ್ಡ ದನಿಯಲ್ಲಿ ಹೇಳಿದರು:

"ಇನ್ಯಾರು? ನನ್ನ ಸೊಸೆ."