ಹಳದಿ ಮೂಗಿನ ಬೀದಿ

ಪುಟ್ಟಿಯ ಅಮ್ಮ ಅಡುಗೆಮನೆಯ ನೆಲವನ್ನು ಇನ್ನೂ ಅರ್ಧವಷ್ಟೇ ಒರೆಸಿದ್ದಳು, ಅಷ್ಟರಲ್ಲಿ ಪಂಥದ ಹಿರಿಯರಾದ ದೊಡ್ಡಣ್ಣ ಹಿಂಬಾಗಿಲಿನಿಂದ ನುಗ್ಗಿದರು. ಒದ್ದೆ ನೆಲದ ಮೇಲೆ ಸರ್ರನೆ ಜಾರಿ, ಕಪಾಟು ಹಿಡಿದು ನಿಂತು, "ಹತ್ತು ಗಂಟೆಗೆ ಜನ ಬರ್ತಾರಮ್ಮ! ಎಲ್ಲಾ ರೆಡಿನಾ?" ಎಂದರು.

ಅವರ ಮೂಗಿನ ತುದಿ ಹಳದಿಯಾಗಿತ್ತು.

ಇವರ ಪಂಥದಲ್ಲಿ ಯಾರ ಮನೆಯಲ್ಲೂ ಕನ್ನಡಿ ಇಲ್ಲ. ಮುಖ ಹೇಗಿದೆ ಎಂದು ತಿಳಿಯಬೇಕಾದರೆ ತಮ್ಮವರನ್ನೇ ಕೇಳಬೇಕು. ಅವರು "ಚೆನ್ನಾಗಿದೆ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಊರಿನವರು ಮಾತ್ರ ಇದಕ್ಕೆ ರೆಕ್ಕೆಪುಕ್ಕ ಕಟ್ಟಿದ್ದರು. ಆ ಬೀದಿಯವರು ಕನ್ನಡಿಯಲ್ಲಿ ಕಾಣಿಸುವುದೇ ಇಲ್ಲವಂತೆ ಎಂದು ಪತ್ರಿಕೆಯಲ್ಲೂ ಬಂದಿತ್ತು. ಜನ ನಮ್ಮನ್ನು ಯಾಕೆ ದೂರ ಇಡುತ್ತಾರೆ ಎಂದು ಪಂಥದ ಸಮಿತಿ ಮೂರು ಭಾನುವಾರ ಕೂತು ತಲೆ ಕೆಡಿಸಿಕೊಂಡು ಕೊನೆಗೂ ಕಾರಣ ಪತ್ತೆ ಹಚ್ಚಿತು: ಬೂದು ಬಣ್ಣದ ಬಾಗಿಲು! ಇವತ್ತು ಬೆಳಿಗ್ಗೆ ಆರಕ್ಕೇ ಬೀದಿಯ ಹನ್ನೊಂದು ಬಾಗಿಲಿಗೂ ಹಳದಿ ಬಳಿದಾಗಿತ್ತು. ಊರಿಗೆಲ್ಲ ಆಹ್ವಾನ ಹೋಗಿತ್ತು.

ಅಮ್ಮನಿಗೆ ಊರೆಲ್ಲ ಬರುವುದು ಬೇಕಿರಲಿಲ್ಲ. ಪಕ್ಕದ ಬೀದಿಯ ಟೀಚರ್ ತಮ್ಮ ಮಗಳನ್ನು ಕರೆದುಕೊಂಡು ಬಂದರೆ ಸಾಕಿತ್ತು. ಎರಡು ವರ್ಷದಿಂದ ಪುಟ್ಟಿ ಶಾಲೆಯಲ್ಲಿ ಆ ಹುಡುಗಿಯ ಪಕ್ಕದಲ್ಲೇ ಕೂರುತ್ತಾಳೆ. ಒಂದು ಸಲವೂ ಅವಳು ಇವರ ಹೊಸ್ತಿಲು ತುಳಿದಿಲ್ಲ.

ಮೂಗಿನ ವಿಷಯ ಕೇಳೋಣವೆಂದು ಅಮ್ಮ ಬಾಯಿ ತೆರೆದಳು. ಸಮಿತಿಯ ತೀರ್ಮಾನವೇ ಇರಬೇಕು, ಕೊನೆಯ ಸಭೆಗೆ ನಾನೇ ಹೋಗಿರಲಿಲ್ಲವಲ್ಲ ಎಂದುಕೊಂಡು ಮುಚ್ಚಿದಳು. ದೊಡ್ಡಣ್ಣ ಅತ್ತ ಹೋದದ್ದೇ ತಡ, ಡಬ್ಬಿಯ ತಳದಲ್ಲಿ ಉಳಿದಿದ್ದ ಬಣ್ಣಕ್ಕೆ ಬೆರಳದ್ದಿ ತನ್ನ ಮೂಗಿಗೊಂದು, ಪುಟ್ಟಿಗೊಂದು, ಗಡ್ಡ ಬಾಚುತ್ತಿದ್ದ ಗಂಡನಿಗೊಂದು ಬೊಟ್ಟು ಇಟ್ಟಳು.

"ಏನೇ ಇದು!"

"ಸುಮ್ನಿರಿ. ಎಲ್ಲರೂ ಹಚ್ಕೊಂಡಿರ್ತಾರೆ."

"ಹಾಗಾದ್ರೆ ಇನ್ನೊಂಚೂರು ಹಚ್ಚು, ಕಾಣಿಸ್ಲಿ."

"ಅಮ್ಮ, ಒಂದು ಕೇಳ್ಲಾ?" ಎಂದಳು ಪುಟ್ಟಿ.

"ಆಮೇಲೆ ಚಿನ್ನ. ಮೊದ್ಲು ಆ ಬಕೆಟ್ ಒಳಗಿಡು."

ಹೊರಗೆ ಬಂದು ನೋಡಿದರೆ ಬೀದಿಗೆ ಬೀದಿಯೇ ಹಳದಿ ಮೂಗು! ದರ್ಜಿಯ ಹೆಂಡತಿ, "ದೊಡ್ಡಣ್ಣ, ಮೂಗಿನ ಐಡಿಯಾ ಭರ್ಜರಿ!" ಎಂದಳು. ದೊಡ್ಡಣ್ಣ ಎಲ್ಲರ ಮೂಗನ್ನೂ ಒಂದು ಸುತ್ತು ನೋಡಿ, ಗಂಟಲು ಸರಿಮಾಡಿಕೊಂಡು, "ತುಂಬಾ ಯೋಚನೆ ಮಾಡಿ ಮಾಡಿದ್ದು" ಎಂದರು.

ಅದೇ ಹೊತ್ತಿಗೆ ದರ್ಜಿ, ಜನ ಬಂದರಾ ಎಂದು ಬಣ್ಣ ಇನ್ನೂ ಹಸಿಯಿದ್ದ ತನ್ನ ಬಾಗಿಲ ಸಂದಿಯಿಂದ ಇಣುಕಿದ. ಇಣುಕುವಾಗ ಮೂಗು ಬರೀ ಮೂಗು, ಈಚೆ ಬಂದಾಗ ಹಳದಿ.

ಅಮ್ಮನಿಗೆ ಎಲ್ಲ ಹೊಳೆದುಬಿಟ್ಟಿತು. ಬೆಳಿಗ್ಗೆ ದೊಡ್ಡಣ್ಣನೂ ಹೀಗೇ ಇಣುಕಿರಬೇಕು! ಹೊಟ್ಟೆಯಿಂದ ಉಕ್ಕಿ ಬಂದ ನಗು ತಡೆಯಲು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ತೊಳೆದುಕೊಳ್ಳಲು ಸಮಯವೆಲ್ಲಿ? ಬೀದಿಯ ತುದಿಯಲ್ಲಿ ಟೀಚರ್ ಆಗಲೇ ಮಗಳ ಕೈ ಹಿಡಿದು ನಿಂತಿದ್ದರು.

ಟೀಚರ್ ಎರಡು ಹೆಜ್ಜೆ ಮುಂದೆ ಬಂದರು. ನಲವತ್ತು ಜನ ಒಟ್ಟಿಗೆ ಹಲ್ಲು ಕಿರಿದರು. ಟೀಚರ್ ಒಂದು ಹೆಜ್ಜೆ ಹಿಂದೆ ಸರಿದರು.

ಅಮ್ಮ ಟೀಚರ್ ಕಾಲನ್ನೇ ನೋಡಿದಳು. ಇನ್ನೊಂದು ಹೆಜ್ಜೆ ಹಿಂದೆ ಹೋದರೆ ಇನ್ನೆರಡು ವರ್ಷ ಹೋದಂತೆಯೇ.

"ಅಮ್ಮ, ಈಗ ಕೇಳ್ಲಾ?"

"ಕೇಳೇ ತಾಯಿ, ಕೇಳು" ಎಂದಳು ಅಮ್ಮ, ನಗುವೋ ಅಳುವೋ ತನಗೇ ತಿಳಿಯದೆ.

ಪುಟ್ಟಿ ಕೇಳಿದ್ದು ಅಮ್ಮನನ್ನಲ್ಲ. ಒಂದೇ ಓಟಕ್ಕೆ ಬೀದಿಯ ತುದಿ ತಲುಪಿ, ಟೀಚರ್ ಎದುರು ನಿಂತು, ಹಳದಿ ಮೂಗನ್ನು ಮೇಲಕ್ಕೆತ್ತಿ, ಬೀದಿಗೆಲ್ಲ ಕೇಳುವಂತೆ ಕೇಳಿದಳು:

"ಆಂಟಿ, ನಾವು ನಿಮಗೆ ಹೇಗೆ ಕಾಣ್ತೀವಿ?"